ಅಳೆಯುವ ಕಿವಿಯನ್ನು ಅಳೆಯುವುದು ಹೇಗೆ?

ಮನೆಯ ಧ್ವನಿವರ್ಧಕಗಳನ್ನು ಪರೀಕ್ಷಿಸಲು ನೀವು ಒಂದು ಮೈಕ್ರೊಫೋನ್ ತಂದಿದ್ದೀರಿ ಎನ್ನಿ. 5,000 ಹರ್ಟ್ಸ್ ಬಳಿ ಅದು 3 ಡೆಸಿಬೆಲ್ ಹೆಚ್ಚು ತೋರಿಸುತ್ತದೆ. ದೋಷ ಧ್ವನಿವರ್ಧಕದ್ದೋ, ಮೈಕ್ರೊಫೋನಿನದೋ? ತಪ್ಪು ತಿಳಿದರೆ ಸರಿಯಾಗಿರುವ ಧ್ವನಿವರ್ಧಕವನ್ನೇ 'ತಿದ್ದಿ' ಕೆಡಿಸುತ್ತೀರಿ. ಹಾಗಾದರೆ ತಕ್ಕಡಿಯನ್ನೇ ತೂಗುವುದು ಹೇಗೆ?

ಹಿಂದಿನ ಟೆಲಿಫೋನುಗಳಲ್ಲಿದ್ದದ್ದು ಇಂಗಾಲದ ಹರಳುಗಳ ಮೈಕ್ರೊಫೋನ್. ಮಾತಿಗೆ ಅದು ಸಾಕಾಗಿತ್ತು. ಆದರೆ ಹರಳುಗಳು ಅಲುಗಿದಂತೆಲ್ಲ ಅದರ ಸಂವೇದನೆ ಬದಲಾಗುತ್ತಿದ್ದುದರಿಂದ ಅಳತೆಗೆ ಒದಗುತ್ತಿರಲಿಲ್ಲ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ಇ. ಸಿ. ವೆಂಟೆ 1917ರಲ್ಲಿ ಕಂಡೆನ್ಸರ್ ಮೈಕ್ರೊಫೋನನ್ನು ಧ್ವನಿಯ ತೀವ್ರತೆ ಅಳೆಯುವ ಉಪಕರಣವೆಂದೇ ಪ್ರಕಟಿಸಿದರು. ಬಿಗಿಯಾಗಿ ಎಳೆದು ಕಟ್ಟಿದ ತೆಳುವಾದ ಲೋಹದ ಪಟಲ, ಅದರ ಹಿಂದೆ ಸ್ಥಿರ ಫಲಕ. ಪಟಲ ಕಂಪಿಸಿದಾಗ ಇವೆರಡರ ಅಂತರ ಬದಲಾಗಿ ವಿದ್ಯುತ್ ಸಂಕೇತ ದೊರೆಯುತ್ತದೆ.

ಆದರೆ ಈ ಉಪಕರಣವನ್ನು ಒರೆಗೆ ಹಚ್ಚಲು ಪ್ರಮಾಣ ಗೊತ್ತಿರುವ ಧ್ವನಿ ಬೇಕಲ್ಲವೆ? 1940ರ ಸುಮಾರಿಗೆ ಮ್ಯಾಕ್‌ಲೀನ್ ಮತ್ತು ಕುಕ್ ಅವರ ಕೆಲಸದಿಂದ ಇದಕ್ಕೊಂದು ಜಾಣ ಉಪಾಯ ದೊರೆಯಿತು. ಕಂಡೆನ್ಸರ್ ಮೈಕ್ರೊಫೋನ್ ಧ್ವನಿಯನ್ನು ಗ್ರಹಿಸುವುದಷ್ಟೇ ಅಲ್ಲ, ವಿದ್ಯುತ್ ಕೊಟ್ಟರೆ ಧ್ವನಿಯನ್ನು ಹೊರಡಿಸಲೂಬಲ್ಲದು. ಮೂರು ಮೈಕ್ರೊಫೋನುಗಳನ್ನು ಎರಡೆರಡಾಗಿ ಎದುರುಬದುರು ಇಟ್ಟು ಅಳೆದರೆ, ಪ್ರತಿ ಜೋಡಿಯ ಸಂವೇದನೆಗಳ ಗುಣಲಬ್ಧ ಸಿಗುತ್ತದೆ. ಮೂರು ಅಜ್ಞಾತಗಳಿಗೆ ಮೂರು ಸಮೀಕರಣಗಳು! ಪ್ರಮಾಣಿತ ಧ್ವನಿಯ ನೆರವಿಲ್ಲದೆಯೇ ಉತ್ತರ ಹೊರಬರುತ್ತದೆ. ಈ ವ್ಯುತ್ಕ್ರಮ ವಿಧಾನವೇ ಇಂದಿಗೂ ರಾಷ್ಟ್ರೀಯ ಮಾಪನ ಪ್ರಯೋಗಾಲಯಗಳ ಆಧಾರ.

ಬೆಲ್ ಪ್ರಯೋಗಾಲಯದಲ್ಲಿ ಸೆಸ್ಲರ್ ಮತ್ತು ವೆಸ್ಟ್ 1962ರಲ್ಲಿ ರೂಪಿಸಿದ ಎಲೆಕ್ಟ್ರೆಟ್ ಮೈಕ್ರೊಫೋನಿನ ಪಟಲ ವಿದ್ಯುದಾವೇಶವನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆ. ಅದರಿಂದಲೇ ಅಳತೆಯ ಮೈಕ್ರೊಫೋನ್ ಮನೆಗೆ ನಿಲುಕುವ ಬೆಲೆಗೆ ಬಂತು.

ಕೊಳ್ಳುವಾಗ ಈ ಇತಿಹಾಸ ನೆನಪಿರಲಿ. ಒಂದೇ ಮಾದರಿಯ ಎರಡು ಮೈಕ್ರೊಫೋನುಗಳೂ ಒಂದೇ ಸಮ ಇರುವುದಿಲ್ಲ. ನಿಮ್ಮದರ ಕ್ರಮಸಂಖ್ಯೆಗೆ ಸೇರಿದ ತಿದ್ದುಪಡಿ ಕಡತವನ್ನೇ ಕೇಳಿ ಪಡೆಯಿರಿ. 1,000 ಹರ್ಟ್ಸ್‌ನಲ್ಲಿ 94 ಡೆಸಿಬೆಲ್, ಅಂದರೆ 1 ಪ್ಯಾಸ್ಕಲ್ ಒತ್ತಡ, ನೀಡುವ ಕ್ಯಾಲಿಬ್ರೇಟರ್ ಧ್ವನಿಯ ಮಟ್ಟವನ್ನು ಮಾತ್ರ ಸರಿಪಡಿಸುತ್ತದೆ; ಉಳಿದ ಆವೃತ್ತಿಗಳ ಬಗ್ಗೆ ಏನೂ ಹೇಳದು. ಮೈಕ್ರೊಫೋನನ್ನು ಧ್ವನಿವರ್ಧಕಕ್ಕೆ ನೇರವಾಗಿ ಹಿಡಿದಾಗ ಮತ್ತು ಮೇಲ್ಮುಖವಾಗಿ ನಿಲ್ಲಿಸಿದಾಗ ಹೆಚ್ಚಿನ ಆವೃತ್ತಿಗಳಲ್ಲಿ ಅಳತೆ ಬೇರೆಯಾಗುತ್ತದೆ. ಕಡತ ಯಾವ ದಿಕ್ಕಿನದೋ, ಮೈಕ್ರೊಫೋನನ್ನೂ ಅದೇ ದಿಕ್ಕಿಗೆ ಇಡಿ. ಆಮೇಲೆ ಧ್ವನಿವರ್ಧಕದ ತಪ್ಪು ಹುಡುಕಬಹುದು.