ಥರ್ಮಾಮೀಟರ್ ಗನ್ 40 ಡಿಗ್ರಿ ತೋರಿಸಿದರೆ ಗಾಲಿಯ ಬೇರಿಂಗ್ ತಣ್ಣಗಿದೆ ಎಂದೇ?

ಕಾರಿನ ಹಿಂದೆ ಟ್ರೇಲರ್, ಅದರ ಮೇಲೊಂದು ಮೋಟಾರ್ ದೋಣಿ. ಹೆದ್ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಿ, ಪಿಸ್ತೂಲಿನಂಥ ಇನ್‌ಫ್ರಾರೆಡ್ ಥರ್ಮಾಮೀಟರ್ ತೆಗೆದು ಗಾಲಿಯ ನಡುಭಾಗಕ್ಕೆ ಕೆಂಪು ಚುಕ್ಕೆ ಬಿಡುತ್ತಾರೆ. ಕಡಿಮೆ ಸಂಖ್ಯೆ ಬಂದರೆ ‘ಬೇರಿಂಗ್ ಚೆನ್ನಾಗಿದೆ’ ಎಂದು ಹೊರಟೇಬಿಡುತ್ತಾರೆ. ಅಮೆರಿಕದಲ್ಲಿ ಸ್ವಂತ ದೋಣಿಯನ್ನು ಸರೋವರಕ್ಕೆ ಎಳೆದೊಯ್ಯುವವರಿಗೆ ಈ ಪರೀಕ್ಷೆ ಹೊಸದಲ್ಲ. ಅಲ್ಲಿರುವ ನೆಂಟರ ಮೂಲಕ ಈ ಟಿಪ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಟಿಪ್ ಸುಳ್ಳಲ್ಲ. ಆದರೆ ಫಾರ್ವರ್ಡ್ ಆಗುವಾಗ ಒಂದು ಮಾತು ಬಿಟ್ಟುಹೋಗುತ್ತದೆ: ಆ ಸಾಧನ ಬೇರಿಂಗನ್ನು ನೋಡುವುದೇ ಇಲ್ಲ, ಹೊರಗಿನ ಲೋಹದ ಮೇಲ್ಮೈಯನ್ನಷ್ಟೇ ನೋಡುತ್ತದೆ.

ದೋಣಿ ಟ್ರೇಲರ್‌ಗೆ ಏಕಿಷ್ಟು ಚಿಂತೆ?

ದೋಣಿಯನ್ನು ಇಳಿಸಲು ಟ್ರೇಲರ್‌ನ ಗಾಲಿಗಳನ್ನೇ ನೀರಿಗೆ ಇಳಿಸಬೇಕು. ಗಂಟೆಗಟ್ಟಲೆ ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹಿಂಬದಿಯ ರಬ್ಬರ್ ಸೀಲ್ ಸ್ವಲ್ಪ ಸವೆದಿದ್ದರೂ ಸಾಕು, ಆ ಎಳೆತಕ್ಕೆ ನೀರು ಒಳಗೆ ನುಗ್ಗುತ್ತದೆ. ಗ್ರೀಸ್ ಹಾಲಿನಂತೆ ಬೆಳ್ಳಗಾಗುತ್ತದೆ, ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ. ಹೀಗೇ ಓಡಿಸುತ್ತಾ ಹೋದರೆ ಒಂದು ದಿನ ಬೇರಿಂಗ್ ಬಿಗಿಹಿಡಿಯುತ್ತದೆ. ಗಾಲಿಯೇ ಕಳಚಿ ಪಕ್ಕದ ವಾಹನಕ್ಕೆ ಬಡಿಯಲೂಬಹುದು. ಹಬ್ ಬೇಗ ತಣಿಯಲೆಂದು ಮೇಲೆ ನೀರು ಸುರಿದರೂ ಇದೇ ತೊಂದರೆ. ನೀರಿಗಿಳಿಸುವ ಮುನ್ನ ಅದು ತಾನಾಗಿ ತಣಿಯುವಷ್ಟು ಹೊತ್ತು ಕಾಯುವುದೇ ಸರಿ.

ಹೊಳಪು ಹೇಳುವ ಸುಳ್ಳು

ಬಿಸಿಯಾದ ಪ್ರತಿ ವಸ್ತುವೂ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಸೂಸುತ್ತದೆ. ಥರ್ಮಾಮೀಟರ್ ಅದನ್ನು ಅಳೆದು ಡಿಗ್ರಿಗೆ ಬದಲಿಸುತ್ತದೆ. ತೊಡಕು ಏನೆಂದರೆ, ಒಂದೇ ಬಿಸಿಯಲ್ಲಿದ್ದರೂ ಎಲ್ಲ ವಸ್ತುಗಳು ಒಂದೇ ಪ್ರಮಾಣದಲ್ಲಿ ಕಿರಣ ಸೂಸುವುದಿಲ್ಲ. ರಬ್ಬರ್, ಬಣ್ಣ, ದಪ್ಪ ತುಕ್ಕು ಚೆನ್ನಾಗಿ ಸೂಸುತ್ತವೆ. ಪಾಲಿಶ್ ಮಾಡಿದ ಅಲ್ಯೂಮಿನಿಯಂ, ಕ್ರೋಮ್ ಬಹಳ ಕಡಿಮೆ ಸೂಸುತ್ತವೆ. ಬದಲಿಗೆ ಸುತ್ತಲಿನ ಕಿರಣಗಳನ್ನು ಕನ್ನಡಿಯಂತೆ ಪ್ರತಿಫಲಿಸುತ್ತವೆ. ಈ ಗುಣವನ್ನು ಎಮಿಸಿವಿಟಿ ಎನ್ನುತ್ತಾರೆ. ಅಗ್ಗದ ಬಹುತೇಕ ಗನ್‌ಗಳು ಎದುರಿಗಿರುವುದು ಏನೇ ಇರಲಿ, ಎಮಿಸಿವಿಟಿ 0.95 ಎಂದೇ ಲೆಕ್ಕ ಹಾಕುತ್ತವೆ.

ಸುತ್ತ 30 ಡಿಗ್ರಿ ಸೆಲ್ಸಿಯಸ್ ಇದೆ, ಹಬ್‌ನ ಹೊಳೆಯುವ ಮುಚ್ಚಳ 90 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ. ಅದರ ಎಮಿಸಿವಿಟಿ 0.1 ಆಗಿದ್ದರೆ ಗನ್ ತೋರಿಸುವುದು 40ರ ಆಸುಪಾಸು! 50 ಡಿಗ್ರಿ ಇರುವ ಪಕ್ಕದ ಹಬ್ 32 ಎನ್ನುತ್ತದೆ. 40 ಡಿಗ್ರಿಯ ಅಂತರ ಪರದೆಯ ಮೇಲೆ ಆರೇಳು ಡಿಗ್ರಿಗೆ ಇಳಿಯಿತು.

ನಂಬಿಕೆ ಬರದಿದ್ದರೆ ಅಡುಗೆಮನೆಯಲ್ಲೇ ನೋಡಿ. ಹೊಳೆಯುವ ಸ್ಟೀಲ್ ಪಾತ್ರೆಗೆ ಕುದಿಯುವ ನೀರು ಹಾಕಿ ಹೊರಮೈಗೆ ಗುರಿಯಿಡಿ. ಬರುವ ಸಂಖ್ಯೆ ನೋಡಿದರೆ ನೀರು ಉಗುರುಬೆಚ್ಚಗಿದೆ ಅನ್ನಿಸಬಹುದು. ಮುಟ್ಟಿಬಿಡಬೇಡಿ! ಅದೇ ಪಾತ್ರೆಗೆ ಕಪ್ಪು ಟೇಪಿನ ತುಂಡೊಂದನ್ನು ಅಂಟಿಸಿ ಅದರ ಮೇಲೆ ಅಳೆಯಿರಿ, ಸಂಖ್ಯೆ ಥಟ್ಟನೆ ಏರುತ್ತದೆ. ಟ್ರೇಲರ್‌ಗೂ ಇದೇ ಉಪಾಯ. ಪ್ರತಿ ಹಬ್‌ನ ಮೇಲೆ ಬಿಸಿ ತಡೆಯುವ, ಹೊಳಪಿಲ್ಲದ ಕಪ್ಪು ಬಣ್ಣದ ಬೊಟ್ಟಿಟ್ಟು ಪ್ರತಿ ಸಲ ಅಲ್ಲೇ ಅಳೆಯಬೇಕು.

ದೂರವೂ ಲೆಕ್ಕಕ್ಕೆ ಬರುತ್ತದೆ. ಗನ್ ಮೇಲೆ 12:1 ಎಂದಿದ್ದರೆ, ಒಂದು ಅಡಿ ದೂರದಿಂದ ಅದು ಒಂದು ಅಂಗುಲದ ವೃತ್ತವನ್ನು ಅಳೆಯುತ್ತದೆ. ಮೂರು ಮೀಟರ್ ದೂರ ನಿಂತರೆ ಆ ವೃತ್ತ 25 ಸೆಂಟಿಮೀಟರ್‌ನಷ್ಟಾಗಿ ಟೈರು, ರಿಮ್ಮು ಎಲ್ಲವೂ ಸೇರಿಕೊಳ್ಳುತ್ತವೆ. ಕೆಂಪು ಚುಕ್ಕೆ ಕೇವಲ ಗುರಿ ತೋರಿಸುವ ಲೇಸರ್; ಅಳೆಯುವುದು ಅದಲ್ಲ. ಕಣ್ಣಿಗೆ ಮಾತ್ರ ಬಿಡಬೇಡಿ.

ಎಷ್ಟು ಡಿಗ್ರಿ ಇದ್ದರೆ ಸುರಕ್ಷಿತ?

ಫಾರ್ವರ್ಡ್‌ಗಳಿಗೆ ಒಂದೇ ಸಂಖ್ಯೆ ಬೇಕು. ಆದರೆ ಬಿಸಿಲು, ಭಾರ, ವೇಗ, ಬ್ರೇಕ್ ಬಳಕೆ ಎಲ್ಲವೂ ಅದನ್ನು ಬದಲಿಸುತ್ತವೆ. ಅಮೆರಿಕದ ವಿಡಿಯೋದಲ್ಲಿ ಕಾಣುವ 120 ಬಹುಶಃ ಫ್ಯಾರನ್‌ಹೀಟ್, ಅಂದರೆ ಸುಮಾರು 49 ಸೆಲ್ಸಿಯಸ್ ಎಂಬುದೂ ನೆನಪಿರಲಿ. ಉಪಯೋಗಕ್ಕೆ ಬರುವುದು ಹೋಲಿಕೆ: ಗಾಡಿ ನಿಂತ ಕೂಡಲೇ ಎಲ್ಲ ಹಬ್‌ಗಳನ್ನೂ ಒಂದೇ ದೂರದಿಂದ, ಒಂದೇ ಜಾಗದಲ್ಲಿ ಅಳೆಯಿರಿ. ಒಂದು ಮಾತ್ರ ಎದ್ದು ಕಾಣುವಷ್ಟು ಬಿಸಿಯಿದ್ದರೆ ಬೇರಿಂಗ್ ಕೆಟ್ಟಿರಬಹುದು, ಗ್ರೀಸ್ ಕಡಿಮೆಯಾಗಿರಬಹುದು, ಅತಿಯಾಗಿ ಬಿಗಿದಿರಬಹುದು, ಬ್ರೇಕ್ ಹಿಡಿದುಕೊಂಡಿರಲೂಬಹುದು. ಯಾವುದೆಂದು ಗನ್ ಹೇಳಲಾರದು. ಟೀ ಕುಡಿಯಲು ನಿಲ್ಲಿಸಿದಾಗ ನಮ್ಮ ಲಾರಿ ಡ್ರೈವರ್‌ಗಳು ಹಬ್ ಮುಟ್ಟಿ ನೋಡುವುದೂ ಇದೇ ಹೋಲಿಕೆಯೇ, ಕೈ ಸುಡುವ ಅಪಾಯ ಮಾತ್ರ ಹೆಚ್ಚು.

ಇದಕ್ಕೆಂದು ಜ್ವರ ನೋಡುವ ಗನ್ ಬಳಸಬೇಡಿ. ಅದು ಸಾಮಾನ್ಯವಾಗಿ 32ರಿಂದ 43 ಡಿಗ್ರಿಯೊಳಗಷ್ಟೇ ಕೆಲಸ ಮಾಡುತ್ತದೆ. ಅಂದಹಾಗೆ, ಕೊರೊನಾ ಕಾಲದಲ್ಲಿ ಹರಿದಾಡಿದಂತೆ ಹಣೆಗೆ ಹಿಡಿದ ಗನ್‌ನಿಂದ ಅವಗೆಂಪು ಕಿರಣ ಮಿದುಳಿಗೆ ಹೋಗುವುದಿಲ್ಲ. ನಮ್ಮ ಚರ್ಮದಿಂದ ಬರುವ ಕಿರಣವನ್ನೇ ಅದು ಪಡೆಯುವುದು.

ಇನ್ನು, ಎಲ್ಲ ಹಬ್‌ಗಳೂ ತಣ್ಣಗಿದ್ದರೂ ಒಳಗೆ ನೀರು ಸೇರಿರಬಹುದು. ಗ್ರೀಸ್ ಬೆಳ್ಳಗಾದದ್ದು ಗನ್‌ಗೆ ಕಾಣುವುದಿಲ್ಲ. ಆದ್ದರಿಂದ ದೋಣಿ ಮನೆಗೆ ಬಂದ ಮೇಲೆ ಟ್ರೇಲರ್‌ಗೆ ಜಾಕ್ ಕೊಟ್ಟು, ಗಾಲಿಯನ್ನು ಕೈಯಿಂದ ತಿರುಗಿಸಿ ಗರಗರ ಸದ್ದಿದೆಯೇ ಕೇಳಿ. ಮೇಲೆ ಕೆಳಗೆ ಹಿಡಿದು ಅಲುಗಿಸಿ ಸಡಿಲವಿದೆಯೇ ನೋಡಿ. ಅನುಮಾನ ಬಂದರೆ ಮುಚ್ಚಳ ತೆಗೆದು ಗ್ರೀಸಿನ ಬಣ್ಣ ನೋಡಬೇಕು.