ಸಿಸ್ಟರ್ಸ್ ಆಫ್ ಬ್ಯಾಟಲ್: ಅಭಿಮಾನಿ ಚಿತ್ರಗಳಲ್ಲಿ

ಸಿಸ್ಟರ್ಸ್ ಆಫ್ ಬ್ಯಾಟಲ್ ಎಂದರೆ ಬ್ರಿಟನ್ನಿನ ಗೇಮ್ಸ್ ವರ್ಕ್‌ಷಾಪ್ ಸಂಸ್ಥೆ 1987ರಲ್ಲಿ ಹೊರತಂದ ‘ವಾರ್‌ಹ್ಯಾಮರ್ 40,000’ ಎಂಬ, ಮೇಜಿನ ಮೇಲೆ ಬೊಂಬೆಗಳಿಂದ ಆಡುವ ಯುದ್ಧದಾಟದ ಸನ್ಯಾಸಿನಿ ಯೋಧೆಯರು. ಇವರ ಪಡೆಗೆಂದೇ 1997ರಲ್ಲಿ ಬಂದ ನಿಯಮಪುಸ್ತಕದ ಮುಖಪುಟಕ್ಕೆ ಜಾನ್ ಬ್ಲಾಂಶ್ ಬರೆದ ಚಿತ್ರವನ್ನು ಅಭಿಮಾನಿ ಕಲಾವಿದರು ಇಂದಿಗೂ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಕಪ್ಪು ಕವಚ, ಕೆಂಪು ನಿಲುವಂಗಿ, ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲು, ಲಿಲಿ ಹೂವಿನ ಲಾಂಛನ ಈ ಯೋಧೆಯರ ಪ್ರಸಿದ್ಧ ವೇಷ. ಮೂಲ ವಿನ್ಯಾಸದಲ್ಲೇ ಕವಚ ಎದೆ, ಸೊಂಟಗಳ ಆಕಾರಕ್ಕೆ ಬಿಗಿದುಕೊಂಡಿದೆ. ಹಲವು ಅಭಿಮಾನಿ ಕಲಾವಿದರು ಅದನ್ನೇ ಹಿಗ್ಗಿಸಿ, ಯೋಧೆಯನ್ನು ಬರೀ ನೋಟದ ವಸ್ತುವಾಗಿಸುತ್ತಾರೆ. ಯುದ್ಧಭೂಮಿಯಲ್ಲಿ ಅಂಥ ಕವಚ ಯಾರನ್ನೂ ಕಾಯದು. ಇನ್ನು ಕೆಲವರು ಮುಖದ ಗಾಯ, ದಣಿವು, ಪ್ರಾರ್ಥನೆಯ ಉನ್ಮಾದವನ್ನು ಚಿತ್ರಿಸುತ್ತಾರೆ. ಪಾತ್ರದ ಸತ್ವ ಉಳಿದಿರುವುದು ಇವರ ಕೆಲಸದಲ್ಲಿ. ಸಂಸ್ಥೆಯೇ 2019ರಲ್ಲಿ ತಂದ ಪ್ಲಾಸ್ಟಿಕ್ ಬೊಂಬೆಗಳ ಮುಖಗಳೂ ಗಡುಸಾಗಿವೆ. ಕವಚದ ಆಕಾರ ಮಾತ್ರ ಹೆಚ್ಚು ಬದಲಾಗಿಲ್ಲ.