ಮೇಷ್ಟ್ರಿಗೇ ದಂಡ ಹಾಕುತ್ತಿದ್ದ ವಿದ್ಯಾರ್ಥಿಗಳು

ಅಟೆಂಡೆನ್ಸ್ ಶಾರ್ಟೇಜ್! ಇಂಜಿನಿಯರಿಂಗ್ ಓದಿದ ನನಗೆ ಈ ಎರಡು ಪದ ಕೇಳಿದರೆ ಈಗಲೂ ಹೊಟ್ಟೆಯಲ್ಲಿ ತಳಮಳ. ಕ್ಲಾಸಿಗೆ ಹುಡುಗರು ಬರದಿದ್ದರೆ ದಂಡ ಹುಡುಗರಿಗೆ. ಅದರಲ್ಲೇನು ವಿಶೇಷ ಅಂತೀರಾ? ವೀಕ್ಷಕರೇ, ಇಟಲಿಯ ಬೊಲೊನ್ಯಾದಲ್ಲಿ ಒಂದು ಕಾಲಕ್ಕೆ ಇದು ಉಲ್ಟಾ ಇತ್ತು. ಪಾಠಕ್ಕೆ ಐದು ಜನವೂ ಸೇರಲಿಲ್ಲ ಅಂದ್ರೆ ದಂಡ ಕಟ್ಟಬೇಕಾದವರು ಮೇಷ್ಟ್ರು!

ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ ಅದು. 1088ರಲ್ಲಿ ಶುರುವಾಯಿತು ಅನ್ನುವುದು ವಾಡಿಕೆ. ಕಾನೂನು ಓದಲು ದೂರದೂರದ ದೇಶಗಳಿಂದ ಬರುತ್ತಿದ್ದರು. ಪರಊರಿನವರು ಅಂದಮೇಲೆ ಕೇಳೋರಿಲ್ಲ. ಅವನ ದೇಶದವನು ಯಾರೋ ಸಾಲ ಮಾಡಿ ಓಡಿಹೋದರೆ ಇವನನ್ನು ಹಿಡಿದು ವಸೂಲಿ ಮಾಡುತ್ತಿದ್ದರು! ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸಾ ಇದನ್ನು ತಡೆಯಲು ಶಾಸನವನ್ನೇ ಮಾಡಬೇಕಾಯಿತು, 1158ರ ಸುಮಾರಿಗೆ. ಮುಂದೆ ವಿದ್ಯಾರ್ಥಿಗಳೇ ಸಂಘ ಕಟ್ಟಿದರು. ಆ ಸಂಘದ ಹೆಸರೇ 'ಯೂನಿವರ್ಸಿಟಾಸ್'. ಅದರ ಮುಖ್ಯಸ್ಥ, ರೆಕ್ಟರ್, ಒಬ್ಬ ವಿದ್ಯಾರ್ಥಿ. ಫೀಸು ನೇರ ಮೇಷ್ಟ್ರ ಕೈಗೆ, ಹಾಗಾಗಿ ಲಗಾಮು ವಿದ್ಯಾರ್ಥಿಗಳ ಕೈಲಿ. ತಡವಾಗಿ ಬಂದರೆ ದಂಡ, ಗಂಟೆ ಹೊಡೆದ ಮೇಲೂ ಪಾಠ ಎಳೆದರೆ ದಂಡ. (ನಮ್ಮ ಕಾಲದಲ್ಲೂ ಈ ಎರಡನೆಯದು ಇರಬೇಕಿತ್ತು!)

ಊರಿನವರು ಕಿರುಕುಳ ಕೊಟ್ಟರೆ? ಗಂಟುಮೂಟೆ ಕಟ್ಟಿ ಹೊರಟೇಬಿಡುತ್ತಿದ್ದರು. ಬಾಡಿಗೆ ಕೋಣೆಯಲ್ಲಿ ಪಾಠ, ಸ್ವಂತ ಕಟ್ಟಡವಿಲ್ಲ, ಹೊರಡುವುದಕ್ಕೇನು ಕಷ್ಟ? 1222ರಲ್ಲಿ ಹೀಗೆ ಎದ್ದುಹೋದವರಿಂದಲೇ ಪಡುವಾ ವಿಶ್ವವಿದ್ಯಾಲಯ ಹುಟ್ಟಿತು. ವಿದ್ಯಾರ್ಥಿಗಳು ಹೋದರೆ ಮನೆ ಬಾಡಿಗೆ ಹೋಯಿತು, ವ್ಯಾಪಾರ ಹೋಯಿತು. ಬೊಲೊನ್ಯಾಗೆ ಭಯ ಹುಟ್ಟಿದ್ದೇ ಆಗ. 13ನೇ ಶತಮಾನದ ಕೊನೆಯ ಹೊತ್ತಿಗೆ ನಗರಾಡಳಿತವೇ ಮೇಷ್ಟ್ರಿಗೆ ಸಂಬಳ ಕೊಡತೊಡಗಿತು. ಸಂಬಳ ಕೊಟ್ಟವರು ಸುಮ್ಮನಿರ್ತಾರಾ? ಯಾರನ್ನು ನೇಮಿಸಬೇಕು ಅನ್ನುವುದನ್ನೂ ಅವರೇ ನಿರ್ಧರಿಸಿದರು. ಗಲಾಟೆಯಿಲ್ಲದೆ, ನಿಧಾನವಾಗಿ ವಿದ್ಯಾರ್ಥಿಯ ಅಧಿಕಾರ ಕರಗಿತು. ದಂಡ ಹಾಕುತ್ತಿದ್ದವನು ಮುಂದೆ ಹಾಜರಿ ಪುಸ್ತಕದ ಒಂದು ನಂಬರಾದ.

ಈಗ ನಮ್ಮ ಖಾಸಗಿ ಕಾಲೇಜುಗಳನ್ನು ನೋಡಿ. ಫೀಸಿನ ಹಣ ಮತ್ತೆ ವಿದ್ಯಾರ್ಥಿಯ ಮನೆಯಿಂದಲೇ ಬರುತ್ತಿದೆ, ಲಕ್ಷಗಟ್ಟಲೆ. ಹೊಲ ಅಡ ಇಟ್ಟ ಅಪ್ಪಂದಿರೂ ಇದ್ದಾರೆ. ಹಣ ಕೊಟ್ಟವನಿಗೆ ಅಧಿಕಾರ ಎಂಬ ಬೊಲೊನ್ಯಾ ಲೆಕ್ಕ ಇಲ್ಲಿ ಯಾಕೆ ನಡೆಯಲ್ಲ? ಆಗಿನವನು ಎದ್ದು ಹೋಗಬಲ್ಲವನಾಗಿದ್ದ. ಇಲ್ಲಿ ಕಾಲೇಜು ಬಿಡ್ತೀನಿ ಅಂದ ಹುಡುಗನಿಗೆ ಉಳಿದ ವರ್ಷಗಳ ಫೀಸೂ ಕಟ್ಟು ಅನ್ನುವವರಿದ್ದಾರೆ. ಅವನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಫೀಸಿನ ಬೀರುವಿನಲ್ಲಿ! ಹಾಗೆ ಇಟ್ಟುಕೊಳ್ಳಬೇಡಿ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಇವತ್ತೇ ಕೇಳಿ, ಆ ಕಾರ್ಡು ಎಲ್ಲಿದೆ ಅಂತ.